ಕೆರೆಗೊಂದು ಸರ್ವೆ ನಂಬರ್ ಇದೆ, ಮೇಷ್ಟ್ರೇ

ಬಯಲುಸೀಮೆಯ ಒಂದು ಊರಿನಿಂದ ಹೈಸ್ಕೂಲ್ ಮೇಷ್ಟ್ರೊಬ್ಬರು ಬರೆದಿದ್ದಾರೆ. ಊರಿನ ಚರಂಡಿ ನೀರೆಲ್ಲ ಶಾಲೆಯ ಹಿಂದಿನ ಕೆರೆಗೆ ಬಂದು ಬೀಳುತ್ತದೆ. ಒಂದು ಮೂಲೆಯಲ್ಲಿ ಲೋಡುಗಟ್ಟಲೆ ಮಣ್ಣು ಸುರಿದು ಕೆರೆ ಅಂಗಳ ಸೈಟಿನ ಹಾಗೆ ಕಾಣುತ್ತಿದೆ. ಇವರು ವರ್ಷ ವರ್ಷ ಜೂನ್ 5ಕ್ಕೆ ಮಕ್ಕಳ ಕೈಲಿ ಗಿಡ ನೆಡಿಸುತ್ತಾರೆ. ಈ ಸಲ ಹತ್ತನೇ ಕ್ಲಾಸಿನ ಹುಡುಗಿಯೊಬ್ಬಳು, “ಸಾರ್, ಕಾಯ್ದೆ ನಮ್ಮ ಕೆರೆಗೆ ಇಲ್ವಾ?” ಎಂದು ಕೇಳಿದಳಂತೆ. “ಕಾನೂನೂ ಇದೆ, ಪಾಠವೂ ಇದೆ, ಕೆರೆ ಮಾತ್ರ ಹೋಗ್ತಾ ಇದೆ. ನಾವು ಮಾಡೋ ಪರಿಸರ ಪಾಠ ಬರೀ ಶಾಸ್ತ್ರಕ್ಕಾ?” ಎಂಬುದು ಇವರ ಪ್ರಶ್ನೆ.

ಮೇಷ್ಟ್ರೇ, ಕಾಯ್ದೆ ನಿಮ್ಮ ಕೆರೆಗೂ ಇದೆ. 1974ರ ಜಲ ಕಾಯ್ದೆ ಕಾರ್ಖಾನೆಗಳಿಗೆ ಮಾತ್ರ ಅಂತ ಬಹಳ ಜನ ಅಂದುಕೊಂಡಿದ್ದಾರೆ. ಹಾಗೇನಿಲ್ಲ. ಊರಿನ ಕೊಳಕು ನೀರನ್ನು ಹಳ್ಳಕ್ಕೋ ಕೆರೆಗೋ ಬಿಡಬೇಕಾದರೆ ಪುರಸಭೆಯೂ ಮಾಲಿನ್ಯ ನಿಯಂತ್ರಣ ಮಂಡಳಿಯ ಸಮ್ಮತಿ ಪಡೆಯಬೇಕು. ಇನ್ನು ಕೆರೆ ಅಂಗಳದ ವಿಚಾರ. ಊರಿನ ಕೆರೆ, ಗೋಮಾಳದಂಥ ಸಾರ್ವಜನಿಕ ಜಾಗದ ಒತ್ತುವರಿ ತೆರವು ಮಾಡಲು ಎಲ್ಲ ರಾಜ್ಯಗಳೂ ಯೋಜನೆ ಹಾಕಬೇಕು ಎಂದು ಸುಪ್ರೀಂ ಕೋರ್ಟ್ 2011ರಲ್ಲೇ ಹೇಳಿದೆ. ನಮ್ಮ ರಾಜ್ಯದಲ್ಲಿ ಕೆರೆಗಳಿಗೆಂದೇ 2014ರಲ್ಲಿ ಬೇರೆ ಕಾಯ್ದೆ ಬಂದಿದೆ. ಕಾನೂನಿಗೆ ಬರವಿಲ್ಲ.

ಪಾಠವೂ ಕೋರ್ಟಿನಿಂದಲೇ ಬಂದದ್ದು. ವಕೀಲ ಎಂ.ಸಿ. ಮೆಹ್ತಾ ಹಾಕಿದ ಅರ್ಜಿಯ ಮೇಲೆ 1991ರಲ್ಲಿ ಸುಪ್ರೀಂ ಕೋರ್ಟ್ ಪರಿಸರವನ್ನು ಶಾಲೆ ಕಾಲೇಜುಗಳಲ್ಲಿ ಕಡ್ಡಾಯವಾಗಿ ಕಲಿಸಿ ಎಂದಿತು. ಸಿನಿಮಾ ಟಾಕೀಸುಗಳಲ್ಲಿ ಪರಿಸರದ ಸ್ಲೈಡ್ ತೋರಿಸಬೇಕು ಎಂದೂ ಹೇಳಿತ್ತು. ಆದೇಶ ಪುಸ್ತಕದೊಳಗೆ ಇಳಿಯುವಷ್ಟರಲ್ಲಿ ಏನಾಯಿತು ನೋಡಿ. ಮಾಲಿನ್ಯದ ವಿಧಗಳು, ಕಾರಣಗಳು, ಪರಿಣಾಮಗಳು, ಮೂರು ಅಂಕ. ನಮ್ಮ ಪುಸ್ತಕಗಳಲ್ಲಿ ಮಾಲಿನ್ಯಕ್ಕೆ ಕಾರಣ ಇರುತ್ತದೆ, ವಿಳಾಸ ಇರುವುದಿಲ್ಲ. “ಮಾನವನ ದುರಾಸೆ” ಎಂದು ಬರೆದರೆ ಪೂರ್ತಿ ಅಂಕ. ಯಾವ ಪೈಪು, ಯಾರು ಹಾಕಿದ್ದು, ಯಾವ ಆಫೀಸು ನೋಡಬೇಕಿತ್ತು ಅನ್ನೋದಕ್ಕೆ ಅಂಕವೇ ಇಲ್ಲ. ನನ್ನ ತಕರಾರು ಇಷ್ಟೇ. ಗಿಡ ನೆಡಿಸಿ, ಬೇಡ ಅನ್ನುವವನು ನಾನಲ್ಲ. ಅದರ ಜೊತೆಗೆ ಕಾಗದ ಓದುವುದನ್ನೂ ಕಲಿಸಿ.

ಮೊದಲು ಗ್ರಾಮ ನಕ್ಷೆ ತರಿಸಿ. ಕಂದಾಯ ಇಲಾಖೆಯ ವೆಬ್‌ಸೈಟಿನಲ್ಲಿ ಸಿಗುತ್ತದೆ. ದೊಡ್ಡದಾಗಿ ಪ್ರಿಂಟ್ ಹಾಕಿಸಿ ಬೆಂಚಿನ ಮೇಲೆ ಹರವಿ, ಮಕ್ಕಳು ಸುತ್ತ ನಿಲ್ಲಲಿ. ಕೆರೆಗೊಂದು ಸರ್ವೆ ನಂಬರ್ ಇರುತ್ತದೆ. ಅದರ ವಿಸ್ತೀರ್ಣ ಎಕರೆ, ಗುಂಟೆ ಲೆಕ್ಕದಲ್ಲಿ ಸರ್ವೆ ಇಲಾಖೆಯ ವಿಸ್ತೀರ್ಣದ ದಾಖಲೆಯಾದ ಆಕಾರ್‌ಬಂದಿನಲ್ಲಿ ಬರೆದಿರುತ್ತದೆ. ಪಹಣಿಯಲ್ಲಿ ಖರಾಬು ಎಂಬ ಸಾಲು ಇರುತ್ತದಲ್ಲ, ಅದನ್ನೂ ತೋರಿಸಿ. ಬಿ ಖರಾಬು ಅಂದರೆ ಹಳ್ಳ, ದಾರಿ, ಕೆರೆಯಂಥ ಸಾರ್ವಜನಿಕ ಜಾಗ. ಆಮೇಲೆ ಮಕ್ಕಳನ್ನು ಏರಿ ಮೇಲೆ ಕರೆದುಕೊಂಡು ಹೋಗಿ. ನಕ್ಷೆಯಲ್ಲಿ ಕಾಣುವ ಕಾಲುವೆ ನೆಲದ ಮೇಲೆ ಎಲ್ಲಿದೆ? ತೂಬು ಎಲ್ಲಿ, ಕೋಡಿ ಎಲ್ಲಿ? ಮೊಬೈಲಿನಲ್ಲಿ ಸರ್ಕಾರದ ದಿಶಾಂಕ್ ಆಪ್ ಹಾಕಿಕೊಂಡು ಮಣ್ಣು ಸುರಿದ ಮೂಲೆಯಲ್ಲಿ ನಿಂತರೆ ನೀವು ಯಾವ ಸರ್ವೆ ನಂಬರಿನಲ್ಲಿ ಇದ್ದೀರಿ ಅಂತ ಅದೇ ತೋರಿಸುತ್ತದೆ. (ಅಳತೆಗೆ ಅದೇ ಕೊನೆಯ ಮಾತಲ್ಲ. ಅದಕ್ಕೆ ಸರ್ವೆಯರ್ ಬಂದು ಹದ್ದುಬಸ್ತು, ಅಂದರೆ ಗಡಿ ಅಳೆದು ಗುರುತು, ಮಾಡಬೇಕು.) ಗಣಿತ, ಭೂಗೋಳ, ಪೌರನೀತಿ ಮೂರೂ ಒಂದೇ ಬೆಳಗಿನಲ್ಲಿ ಆಯಿತಲ್ವಾ?

ಎರಡನೇ ಕಾಗದ ಮಾಹಿತಿ ಹಕ್ಕಿನ ಅರ್ಜಿ. ಶುಲ್ಕ 10 ರೂಪಾಯಿ, ಉತ್ತರ ಕೊಡಲು 30 ದಿನ. ಉದ್ದುದ್ದ ಬರೆಯಬೇಡಿ. ಊರಿನಿಂದ ದಿನಕ್ಕೆ ಎಷ್ಟು ಕೊಳಚೆ ನೀರು ಹೊರಡುತ್ತದೆ, ಎಷ್ಟು ಶುದ್ಧೀಕರಣ ಆಗುತ್ತದೆ, ಮಂಡಳಿಯ ಸಮ್ಮತಿ ಪತ್ರದ ಪ್ರತಿ ಕೊಡಿ, ಇಷ್ಟು ಸಾಕು. “ಕೆರೆ ಯಾಕೆ ಹಾಳಾಗಿದೆ?” ಎಂದು ಕೇಳಿದರೆ ಉತ್ತರ ಬರುವುದಿಲ್ಲ. ಕಡತದಲ್ಲಿ ಇರುವುದನ್ನು ಕೇಳಿದರೆ ಮಾತ್ರ ಕೊಡಬೇಕಾಗುತ್ತದೆ.

ಕಾಗದದಿಂದ ಏನಾಗುತ್ತೆ ಅಂತ ನಿಮಗೆ ಅನ್ನಿಸಬಹುದು. ಕುದುರೆಮುಖ ನೆನಪಿಸಿಕೊಳ್ಳಿ. ಸರ್ಕಾರದ್ದೇ ಕಂಪನಿ, ಪಶ್ಚಿಮ ಘಟ್ಟದ ನಡುವೆ ಕಬ್ಬಿಣದ ಅದಿರಿನ ಗಣಿ. ಅದರ ವಿರುದ್ಧ ಕೋರ್ಟಿಗೆ ಹೋದವರು ನಾಗರಹೊಳೆಯಲ್ಲಿ ರೇಂಜರ್ ಆಗಿದ್ದ ಕೆ.ಎಂ. ಚಿಣ್ಣಪ್ಪ ಮತ್ತು ಅವರ ಜೊತೆಗಾರರು. ಅದು ರಾಷ್ಟ್ರೀಯ ಉದ್ಯಾನದ ಕಾಡು, ಗಣಿ ಮಣ್ಣು ಭದ್ರಾ ನದಿಗೆ ಇಳಿಯುತ್ತಿದೆ ಎಂಬುದು ಅವರ ವಾದ. 2002ರಲ್ಲಿ ತೀರ್ಪು ಬಂತು, 2005ರ ಕೊನೆಗೆ ಗಣಿ ನಿಂತಿತು.

ಹಾಗಂತ ಕೋರ್ಟಿನ ಆದೇಶ ಬಂದರೆ ಎಲ್ಲ ಸರಿಹೋಗುತ್ತದೆ ಅಂತಲೂ ಅಲ್ಲ. ಬೆಂಗಳೂರಿನ ಬೆಳ್ಳಂದೂರು ಕೆರೆ ನೊರೆ ಕಾರಿತು, 2017ರಲ್ಲಿ ಹೊತ್ತಿಯೂ ಉರಿಯಿತು. 2018ರ ಡಿಸೆಂಬರಿನಲ್ಲಿ, ಪರಿಸರದ ವ್ಯಾಜ್ಯಗಳಿಗೆಂದೇ ಇರುವ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ರಾಜ್ಯ ಸರ್ಕಾರಕ್ಕೆ 50 ಕೋಟಿ ದಂಡ ಹಾಕಿ, ಕೆರೆ ಕೆಲಸಕ್ಕೆ 500 ಕೋಟಿ ತೆಗೆದಿಡಿ ಎಂದಿತು. ಆಮೇಲೂ ಹೂಳೆತ್ತುವ ಕೆಲಸ ವರ್ಷಗಟ್ಟಲೆ ಎಳೆಯಿತು. ಇನ್ನೊಂದು ಪ್ರಕರಣದಲ್ಲಿ ಇದೇ ನ್ಯಾಯಮಂಡಳಿ ಬೆಂಗಳೂರಿನ ಕೆರೆಗಳ ಸುತ್ತ ಕಟ್ಟಡ ಕಟ್ಟದೆ 75 ಮೀಟರ್ ಬಿಡಬೇಕು ಎಂದು 2016ರಲ್ಲಿ ಹೇಳಿತ್ತು. 2019ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ರದ್ದು ಮಾಡಿತು. ನಗರದ ಮಾಸ್ಟರ್ ಪ್ಲಾನ್‌ನಲ್ಲಿ ಇರುವ ಅಳತೆಯನ್ನು ಬದಲಿಸುವ ಅಧಿಕಾರ ನ್ಯಾಯಮಂಡಳಿಗೆ ಇಲ್ಲ ಎಂಬುದು ಕಾರಣ. ಉದ್ದೇಶ ಒಳ್ಳೆಯದಿತ್ತು, ಆದರೆ ಕಾನೂನಿನ ಕಾಲು ಗಟ್ಟಿ ಇರಲಿಲ್ಲ. ದೊಡ್ಡ ಮಕ್ಕಳಿಗೆ ಈ ಎರಡನ್ನೂ ಹೇಳಿ. ಗೆದ್ದ ಕತೆಯಷ್ಟೇ ಹೇಳಿದರೆ ಕಾಲೇಜು ಮೆಟ್ಟಿಲು ಹತ್ತುವಷ್ಟರಲ್ಲಿ ಬೇಸತ್ತು ಬಿಡುತ್ತಾರೆ.

ನ್ಯಾಯಮಂಡಳಿ ನಿಮಗೂ ದೂರವಿಲ್ಲ. ನಮಗೆ ಚೆನ್ನೈ ಪೀಠ. ಪರಿಹಾರದ ಹಣ ಕೇಳದ ಅರ್ಜಿಗೆ ಶುಲ್ಕ 1,000 ರೂಪಾಯಿ, ವಕೀಲರು ಇರಲೇಬೇಕೆಂದಿಲ್ಲ. ಆದರೆ ವ್ಯಾಜ್ಯದ ಕಾರಣ ಹುಟ್ಟಿ ಆರು ತಿಂಗಳೊಳಗೆ ಹೋಗಬೇಕು, ತಡವಾಗಿದ್ದಕ್ಕೆ ಸರಿಯಾದ ಕಾರಣ ಕೊಟ್ಟರೆ ಇನ್ನೂ 60 ದಿನ ಸಿಗಬಹುದು. ಹಾಗಾಗಿ ಮಣ್ಣು ಸುರಿದ ದಿನಾಂಕ, ಫೋಟೊ ಈಗಲೇ ಇಟ್ಟುಕೊಳ್ಳಿ.

ಒಂದು ಮಾತು. ನೀವು ಸರ್ಕಾರಿ ನೌಕರರಾದರೆ ಅರ್ಜಿ ನಿಮ್ಮ ಹೆಸರಲ್ಲಿ ಬೇಡ, ಮಕ್ಕಳ ಹೆಸರಲ್ಲಂತೂ ಬೇಡವೇ ಬೇಡ. ಸುಮ್ನೆ ತೊಂದರೆ. ಕೆರೆ ಅಚ್ಚುಕಟ್ಟಿನ ರೈತರನ್ನು ಮಾತಾಡಿಸಿ. ಗದ್ದೆಗೆ ಈ ನೀರು ಹಾಯಿಸುವವರು ಅವರು, ತುರಿಕೆ ಅನುಭವಿಸುವವರೂ ಅವರೇ. ಅವರ ಸಹಿಗೆ ತೂಕ ಜಾಸ್ತಿ. ಮಕ್ಕಳು ನೀರಿಗೆ ಇಳಿಯದಂತೆ, ಮಣ್ಣು ಸುರಿಯುವವರ ಜೊತೆ ಮಾತಿಗೆ ನಿಲ್ಲದಂತೆ ನೋಡಿಕೊಳ್ಳಿ.

30 ದಿನ ಕಳೆದರೂ ಉತ್ತರ ಬರದಿದ್ದರೆ ಅದೇ ಆಫೀಸಿನ ಮೇಲಧಿಕಾರಿಗೆ ಮೊದಲ ಮೇಲ್ಮನವಿ ಹಾಕಿಸಿ. ಅದಕ್ಕೆ ಶುಲ್ಕ ಬೇಡ. ಬಂದ ಉತ್ತರದ್ದೊಂದು ಜೆರಾಕ್ಸ್ ನಮಗೂ ಕಳಿಸಿ, ಸರ್ವೆ ನಂಬರ್ ಸಮೇತ ಅಚ್ಚು ಹಾಕುತ್ತೇವೆ.

— ಸಂಪಾದಕ