ದೂರ ನಿಂತವರು ಸುಮ್ನೆ ನಿಂತಿರಲಿಲ್ಲ

ಸಕಲೇಶಪುರದ ಓದುಗರೊಬ್ಬರು ಸಿಟ್ಟಿನಲ್ಲೇ ಬರೆದಿದ್ದಾರೆ. ಘಾಟಿಯಲ್ಲಿ ಎಲ್‌ಪಿಜಿ ಟ್ಯಾಂಕರ್ ಮಗುಚಿ ಬುಸ್ ಅನ್ನುತ್ತಿತ್ತಂತೆ. ಫೈರ್ ಎಂಜಿನ್ ಬಂದು ದೂರದಲ್ಲೇ ನಿಂತಿತು, ಒಬ್ಬರು ಬೈನಾಕ್ಯುಲರ್ ಹಿಡಿದು ನೋಡುತ್ತಿದ್ದರು, 40 ನಿಮಿಷ ಯಾರೂ ಹತ್ತಿರ ಹೋಗಲಿಲ್ಲ. "ಇಷ್ಟಕ್ಕೆ ತರಬೇತಿ ಬೇರೆ ಬೇಕಾ?" ಅಂತ ಕೇಳಿದ್ದಾರೆ.

ನಮಸ್ಕಾರ. ನೀವು ನೋಡಿದ್ದೇ ಆ ತರಬೇತಿ ಸ್ವಾಮಿ.

ಬೈನಾಕ್ಯುಲರ್‌ನಿಂದ ಶುರು ಮಾಡೋಣ. ಟ್ಯಾಂಕರ್ ಮೇಲೆ ಬರೆದಿರುವ ನಾಲ್ಕು ಅಂಕಿಯ ನಂಬರ್ ಓದೋದು ಮೊದಲ ಕೆಲಸ. 1075 ಅಂದರೆ ಎಲ್‌ಪಿಜಿ, 1005 ಅಮೋನಿಯಾ, 1017 ಕ್ಲೋರಿನ್. ಮೂರಕ್ಕೂ ಮಾಡಬೇಕಾದ್ದು ಬೇರೆ ಬೇರೆ, ಅದಕ್ಕೇ ನಂಬರ್ ಗೊತ್ತಾಗದೆ ಹತ್ತಿರ ಹೋಗಬಾರದು. ಆಮೇಲೆ ಗಾಳಿ ಯಾವ ಕಡೆಗಿದೆ ನೋಡಬೇಕು. ಎಲ್‌ಪಿಜಿ ಗಾಳಿಗಿಂತ ಭಾರ, ಮೇಲೆ ಹಾರಿಹೋಗಲ್ಲ, ನೀರಿನ ಹಾಗೆ ತಗ್ಗಿಗೆ, ಚರಂಡಿಗೆ, ಮನೆಗಳ ಕಡೆಗೆ ಹರಿಯುತ್ತೆ. 2013ರ ಏಪ್ರಿಲ್ 9ರಂದು ಉಪ್ಪಿನಂಗಡಿ ಹತ್ತಿರದ ಪೆರ್ನೆಯಲ್ಲಿ ಟ್ಯಾಂಕರ್ ಉರುಳಿದಾಗ ರಸ್ತೆ ಪಕ್ಕದ ಮನೆಯವರೂ ಸುಟ್ಟು ಸತ್ತರು, ಮರೆತಿಲ್ಲ ಅಲ್ವಾ?

ಇವರಿಗೆ ಧೈರ್ಯ ಇಲ್ಲ ಅನ್ನೋ ಮಾತೂ ಆಡಿದ್ದೀರಿ. 1973ರ ಜುಲೈ 5ರಂದು ಅಮೆರಿಕದ ಅರಿಜೋನಾದ ಕಿಂಗ್‌ಮನ್‌ನಲ್ಲಿ ಪ್ರೊಪೇನ್ ತುಂಬಿದ ರೈಲು ಟ್ಯಾಂಕರ್‌ಗೆ ಬೆಂಕಿ ಬಿತ್ತು. ಅಗ್ನಿಶಾಮಕದವರು ಧೈರ್ಯವಾಗಿಯೇ ಹತ್ತಿರ ಹೋದರು, ಟ್ಯಾಂಕ್ ತಣಿಸಲು ನೀರಿನ ಸಿದ್ಧತೆ ಮಾಡುತ್ತಿದ್ದರು. ಅರ್ಧ ಗಂಟೆಯೂ ಆಗಿರಲಿಲ್ಲ, ಟ್ಯಾಂಕ್ ಸಿಡಿಯಿತು. ಅವರಲ್ಲಿ 11 ಜನ ತೀರಿಕೊಂಡರು. ನೀರಿರುವ ಪಾತ್ರೆ ಒಲೆ ಮೇಲೆ ಎಷ್ಟು ಹೊತ್ತಿದ್ದರೂ ತಳ ಕೆಂಪಾಗಲ್ಲ, ನೀರು ಆರಿದ ಮೇಲೆ ಐದು ನಿಮಿಷ ಸಾಕು. ಟ್ಯಾಂಕಿನೊಳಗೆ ದ್ರವ ಇರುವ ಭಾಗ ತಡೆಯುತ್ತೆ, ಬರೀ ಗ್ಯಾಸ್ ಇರುವ ಮೇಲ್ಭಾಗಕ್ಕೆ ಜ್ವಾಲೆ ತಗುಲಿದರೆ ಉಕ್ಕು ಮೆತ್ತಗಾಗಿ ಸೀಳಿಹೋಗುತ್ತೆ. ಕಿಂಗ್‌ಮನ್ ಇವತ್ತಿಗೂ ತರಬೇತಿಯ ಪಾಠ. ಗ್ಯಾಸ್ ಟ್ಯಾಂಕರ್‌ಗೇ ಬೆಂಕಿ ಹತ್ತಿದರೆ ಸುತ್ತ 1600 ಮೀಟರ್ ಖಾಲಿ ಮಾಡಿಸಿ ಅನ್ನೋದು ಈಗಿನ ಲೆಕ್ಕ.

"ನೀರು ಹೊಡೆದಿದ್ದರೆ ಮುಗೀತಿತ್ತು" ಅಂದಿದ್ದೀರಿ. ಹರಡುವ ಆವಿಯನ್ನು ಚದುರಿಸೋಕೆ ತುಂತುರು ನೀರು ಸರಿ. ಆದರೆ ಸೋರುವ ಜಾಗಕ್ಕೇ, ಸೇಫ್ಟಿ ವಾಲ್ವ್‌ಗೇ ಹೊಡೆದರೆ ಅಲ್ಲಿ ಮಂಜುಗಡ್ಡೆ ಕಟ್ಟಿಕೊಳ್ಳಬಹುದು. ಇನ್ನೊಂದು ವಿಷಯ ಕೇಳಿದರೆ ನಿಮಗೆ ಸಿಟ್ಟು ಇನ್ನೂ ಜಾಸ್ತಿ ಆಗಬಹುದು: ಸೋರುವ ಗ್ಯಾಸ್ ಉರಿಯುತ್ತಿದ್ದರೆ, ಸೋರಿಕೆ ನಿಲ್ಲಿಸೋಕೆ ಆಗದ ಹೊರತು ಆ ಬೆಂಕಿ ಆರಿಸಲೂ ಬಾರದು.

40 ನಿಮಿಷ ಯಾಕಾಯಿತು? ಇಬ್ಬರು ಒಳಗೆ ಹೋಗಬೇಕಾದರೆ ಅವರನ್ನು ಎಳೆದು ತರೋಕೆ ಇನ್ನಿಬ್ಬರು ತಯಾರಾಗಿ ನಿಂತಿರಬೇಕು. ರಾಸಾಯನಿಕವಾದರೆ ವಾಪಸ್ ಬಂದವರ ಮೈ ತೊಳೆಯುವ ಜಾಗವೂ ಮೊದಲೇ ಸಿದ್ಧವಿರಬೇಕು. ಬೆಂಕಿಗೆ ಹಾಕುವ ಕೋಟು ಕ್ಲೋರಿನ್ ತಡೆಯಲ್ಲ, ಕ್ಲೋರಿನ್‌ಗೆ ಹಾಕುವ ಸೂಟು ಬೆಂಕಿ ತಡೆಯಲ್ಲ. ಒಮ್ಮೆ ಅಣಕು ಕಾರ್ಯಾಚರಣೆ ನೋಡಲು ಹೋದಾಗ ಆ ಸೂಟನ್ನು ನಾನೂ ಹಾಕಿಕೊಂಡಿದ್ದೆ. ಬೆನ್ನಿಗೆ ಬಿಎ ಸೆಟ್ (ಉಸಿರಾಡೋಕೆ ಗಾಳಿ ಕೊಡುವ ಸಿಲಿಂಡರ್), ಕೈಗೆ ಎರಡು ಪದರದ ಗ್ಲೌಸ್. ಹತ್ತು ನಿಮಿಷಕ್ಕೆ ಬೆವರು ಬೆರಳ ತುದಿಗಿಳಿದು ನಿಂತಿತ್ತು. ಕೈಗೆ ಸ್ಪ್ಯಾನರ್ ಕೊಟ್ಟರು, ಬೋಲ್ಟಿಗೆ ಕೂರಿಸೋಕೇ ಆಗಲಿಲ್ಲ. ಪಕ್ಕದ ಹುಡುಗ ಅದನ್ನು ಕಣ್ಣು ಮುಚ್ಚಿ ಮಾಡುತ್ತಿದ್ದ, ನೂರಾರು ಸಲ ಮಾಡಿದ್ದನಂತೆ.

ಒಂದು ವಿಷಯದಲ್ಲಿ ನಿಮ್ಮ ದೂರು ಸರಿ. ಒಮ್ಮೆ ಕಲಿಸಿ ಸರ್ಟಿಫಿಕೇಟ್ ಕೊಟ್ಟು ಬಿಟ್ಟರೆ ಕೈ ಮರೆತುಬಿಡುತ್ತೆ. ಘಾಟಿಯ ಎರಡೂ ಬದಿಯ ಠಾಣೆಗಳಲ್ಲಿ ಈ ಅಭ್ಯಾಸ ಮತ್ತೆ ಮತ್ತೆ ಆಗಬೇಕು, ನಂಬರ್ ಓದೋದನ್ನು ಮೊದಲು ಸ್ಥಳಕ್ಕೆ ಹೋಗುವ ಪೊಲೀಸರಿಗೂ ಕಲಿಸಬೇಕು.

ಅಂದ ಹಾಗೆ, ಮೋರಿ ಕಟ್ಟೆ ಮೇಲೆ ನಿಂತು ವಿಡಿಯೊ ಮಾಡಿದೆ, ಟ್ಯಾಂಕರ್ ನೂರು ಮೀಟರೂ ಇರಲಿಲ್ಲ ಅಂತ ನೀವೇ ಬರೆದಿದ್ದೀರಿ. ಅಂದರೆ ಫೈರ್ ಎಂಜಿನ್‌ಗಿಂತ ಮುಂದೆ ನೀವಿದ್ದಿರಿ, ಅದೂ ತಗ್ಗಿನಲ್ಲಿ. ಅವರು ಸೀಟಿ ಊದಿ ಕೈ ಬೀಸುತ್ತಿದ್ದದ್ದು ನಿಮಗೇ ಇರಬೇಕು.