ಓದುಗರ ಪ್ರಶ್ನೆ: ಅಮೆರಿಕಕ್ಕೆ ಪ್ರೊಫೆಸರುಗಳ ಮೇಲೆ ಯಾಕೆ ಸಿಟ್ಟು?

ಪ್ರ: ಅಷ್ಟು ದೊಡ್ಡ ವಿಶ್ವವಿದ್ಯಾಲಯಗಳಿರುವ ದೇಶದಲ್ಲಿ ರಿಪಬ್ಲಿಕನ್ ನಾಯಕರು ಪ್ರೊಫೆಸರುಗಳನ್ನು ಬೈದರೆ ಜನ ಚಪ್ಪಾಳೆ ತಟ್ಟುತ್ತಾರಲ್ಲ! ಆ ಪಕ್ಷ ಮೊದಲಿಂದಲೂ ಹೀಗೇನಾ?
- ಓದುಗರೊಬ್ಬರು, ತೀರ್ಥಹಳ್ಳಿ

ಉ: ಇಲ್ಲ. ರಾಜ್ಯಗಳಿಗೆ ಸರ್ಕಾರಿ ಜಮೀನು ಕೊಟ್ಟು, ಅದನ್ನು ಮಾರಿದ ಹಣದಲ್ಲಿ ಕೃಷಿ, ಎಂಜಿನಿಯರಿಂಗ್ ಕಾಲೇಜು ನಡೆಸಲು ದಾರಿ ಮಾಡಿದ 1862ರ ಮೊರಿಲ್ ಕಾಯ್ದೆಗೆ ಸಹಿ ಹಾಕಿದವರು ಲಿಂಕನ್, ರಿಪಬ್ಲಿಕನ್ ಅಧ್ಯಕ್ಷರು. ಪಾಠ, ಸಂಶೋಧನೆ, ರೈತರಿಗೆ ಮಾಹಿತಿ ಮೂರೂ ಒಂದೇ ಕಡೆ ಸಿಗುವ ಆ ಪದ್ಧತಿಯನ್ನೇ ನಮ್ಮ ಕೃಷಿ ವಿಶ್ವವಿದ್ಯಾಲಯಗಳೂ ಹಿಡಿದಿವೆ, ಶಿವಮೊಗ್ಗದ್ದೂ ಸೇರಿ.

ಇತಿಹಾಸಕಾರ ರಿಚರ್ಡ್ ಹಾಫ್‌ಸ್ಟಾಡ್ಟರ್ 1963ರಲ್ಲಿ ಅಮೆರಿಕದ ಈ ಸಿಟ್ಟಿನ ಮೇಲೆಯೇ ಪುಸ್ತಕ ಬರೆದರು. ಕೆಲಸಕ್ಕೆ ಬರುವ ಜಾಣತನಕ್ಕೆ ಅಲ್ಲಿ ಮರ್ಯಾದೆಯಿದೆ, ಒಪ್ಪಿಕೊಂಡದ್ದನ್ನೇ ಕೆದಕುವ ಚಿಂತನೆ ಕಂಡರೆ ಅನುಮಾನ ಎಂಬುದು ಅವರ ವಾದ. ಭಕ್ತಿಯೊಂದಿದ್ದರೆ ಸಾಕು, ಓದಿದ ಪಾದ್ರಿ ಬೇಡ ಎಂಬ ಧರ್ಮಪಂಥಗಳು, ಲಾಭವನ್ನೇ ಅಳತೆಗೋಲು ಮಾಡಿಕೊಂಡ ವ್ಯಾಪಾರ, ಎಲ್ಲರೂ ಸಮ ಎಂಬ ಪ್ರಜಾಪ್ರಭುತ್ವ ಇವೆಲ್ಲ ಆ ಅನುಮಾನಕ್ಕೆ ನೀರೆರೆದವು. ಕೊನೆಯದು ಒಳ್ಳೆಯ ಗುಣವೇ. ಆ ಅನುಮಾನವನ್ನು ಎದುರಿಸುವುದು ಕಷ್ಟವಾಗಿರುವುದೂ ಅದಕ್ಕೇ.

ಈಚಿನ ತಿರುವು ಬಹಳ ಚುರುಕು. ಕಾಲೇಜುಗಳಿಂದ ದೇಶಕ್ಕೆ ಕೆಡುಕು ಎಂದ ರಿಪಬ್ಲಿಕನ್ ಒಲವಿನವರು ಅಮೆರಿಕದ ಪ್ಯೂ ಸಂಶೋಧನಾ ಸಂಸ್ಥೆಯ ಸಮೀಕ್ಷೆಯಲ್ಲಿ 2015ರಲ್ಲಿ ಶೇ. 37, 2017ರಲ್ಲಿ ಶೇ. 58. ಆದರೆ ನಿಜವಾದ ನಷ್ಟ ಬೈಗುಳದಿಂದ ಆಗುವುದಿಲ್ಲ, ಬಜೆಟ್ಟಿನಿಂದ ಆಗುತ್ತದೆ. ವಿಜ್ಞಾನದ ವಿಷಯಗಳಲ್ಲಿ ಸಂಸತ್ತಿಗೆ ಸಲಹೆ ಕೊಡಲು 1972ರಲ್ಲಿ ತಂತ್ರಜ್ಞಾನ ಮೌಲ್ಯಮಾಪನ ಕಚೇರಿ ಹುಟ್ಟಿತು. ಅದರ ಮಂಡಳಿಯಲ್ಲಿ ಎರಡೂ ಪಕ್ಷಗಳಿಗೆ ಸಮಪಾಲು. 1995ರಲ್ಲಿ ರಿಪಬ್ಲಿಕನ್ ಬಹುಮತದ ಸಂಸತ್ತು ಅದಕ್ಕೆ ಹಣ ನಿಲ್ಲಿಸಿತು. ಕಾಯ್ದೆ ರದ್ದಾಗಲಿಲ್ಲ, ಕಚೇರಿಗೆ ಬಾಗಿಲು ಬಿತ್ತು.

ಪ್ರ: ಹಾಗಾದರೆ ತಜ್ಞರನ್ನು ಟೀಕಿಸುವುದೇ ತಪ್ಪೇ?
- ಓದುಗರು, ಸಾಗರ

ಉ: ಖಂಡಿತ ಅಲ್ಲ. ಕಾಲೇಜು ಶುಲ್ಕ ವಿಪರೀತ, ಅಧ್ಯಾಪಕರಲ್ಲಿ ಎಡಪಂಥದವರೇ ಹೆಚ್ಚು ಎಂಬ ಸಂಪ್ರದಾಯವಾದಿಗಳ ದೂರಿನಲ್ಲಿ ಚರ್ಚಿಸಬೇಕಾದ ಅಂಶವಿದೆ. ಆದರೆ ನೋಡಬೇಕಾದ್ದು ಹೇಳಿದವರನ್ನಲ್ಲ, ಹೇಳಿದ್ದನ್ನು. ಅಡಿಕೆಯ ಕೊಳೆರೋಗಕ್ಕೆ 100 ಲೀಟರ್ ನೀರಿಗೆ ಮೈಲುತುತ್ತ (ತಾಮ್ರದ ಸಲ್ಫೇಟ್), ಸುಣ್ಣ ಒಂದೊಂದು ಕಿಲೋ ಹಾಕಿ ಬೋರ್ಡೋ ದ್ರಾವಣ ಮಾಡುತ್ತೀರಿ. ಉಜ್ಜಿದ ಕತ್ತಿ ಅದ್ದಿದಾಗ ತಾಮ್ರದ ಕೆಂಪು ಹತ್ತಿದರೆ ಸುಣ್ಣ ಸಾಲದು. ಆಗ ಬೆರೆಸಿದವನು ಡಿಗ್ರಿ ಓದಿದವನೋ ಅಲ್ಲವೋ ಎಂದು ಯಾರೂ ಕೇಳುವುದಿಲ್ಲ. ಭಾಷಣವನ್ನೂ ಹೀಗೇ ನೋಡಿ: ನಾಯಕರು ವರದಿಯ ಅಂಕಿಗೆ ಉತ್ತರ ಕೊಟ್ಟರೋ, ಬೇರೆ ಪುರಾವೆ ತಂದರೋ, ಬರೆದವರ ವಿಶ್ವವಿದ್ಯಾಲಯದ ಹೆಸರು ಹೇಳಿ ನಗಿಸಿದರೋ?

ಪುರಾವೆಗೆ ಉತ್ತರ ಕೊಡದೆ ಅದನ್ನು ಬದಿಗೆ ಸರಿಸಿದ ಹಳೆಯ ಉದಾಹರಣೆಯೊಂದಿದೆ. 1925ರಲ್ಲಿ ಟೆನೆಸಿ ರಾಜ್ಯದ ಡೇಟನ್‌ನಲ್ಲಿ ಜೀವವಿಕಾಸ ಕಲಿಸಿದ ಆರೋಪದ ಮೇಲೆ ಶಿಕ್ಷಕ ಜಾನ್ ಸ್ಕೋಪ್ಸ್ ವಿಚಾರಣೆ ನಡೆದಾಗ, ವಿಜ್ಞಾನಿಗಳ ಸಾಕ್ಷ್ಯ ಜ್ಯೂರಿಯ ಕಿವಿಗೆ ಬೀಳದಂತೆ ನ್ಯಾಯಾಧೀಶರು ತಡೆದರು. ದಂಡ 100 ಡಾಲರ್. ಅದನ್ನು ಜ್ಯೂರಿ ಬದಲು ನ್ಯಾಯಾಧೀಶರೇ ನಿಗದಿ ಮಾಡಿದ್ದರಿಂದ 1927ರಲ್ಲಿ ತೀರ್ಪು ಬಿದ್ದುಹೋಯಿತು. ಜೀವವಿಕಾಸ ಕಲಿಸಬಾರದೆಂಬ ಆ ರಾಜ್ಯದ ಕಾನೂನು ಮಾತ್ರ 1967ರವರೆಗೂ ಉಳಿಯಿತು.