ನೋವಿಲ್ಲದಿದ್ದರೂ ಮರುತಪಾಸಣೆ ಬೇಕೆ?

ಮಾನ್ಯರೇ, ಮಂಡಿ ಕೀಲು ಬದಲಾವಣೆಯಾಗಿ ವರ್ಷ ತುಂಬಿದ ನಿಮ್ಮ ತಾಯಿಯವರು, ನೋವೇ ಇಲ್ಲದ ಮೇಲೆ ಹಾವೇರಿಯಿಂದ ಹುಬ್ಬಳ್ಳಿಯವರೆಗೆ ಏಕೆ ಹೋಗಬೇಕೆಂದು ಹಟ ಹಿಡಿದಿದ್ದಾರೆ ಎಂದು ಬರೆದಿದ್ದೀರಿ. ಹೊಲಿಗೆ ಬಿಚ್ಚಿಸಲು, ಆರನೆಯ ವಾರ ಮಂಡಿ ಎಷ್ಟು ಮಡಚುತ್ತದೆಂದು ತೋರಿಸಲು ಹೆಚ್ಚಿನವರು ತಪ್ಪದೆ ಹೋಗುತ್ತಾರೆ, ಏಕೆಂದರೆ ಆಗ ನೋವೂ ಭಯವೂ ಇರುತ್ತವೆ. ನಡಿಗೆ ಸರಿಹೋದ ನಂತರದ ತಪಾಸಣೆಗಳು ತಪ್ಪುವುದಕ್ಕೆ ಆ ನೆಮ್ಮದಿಯೇ ದೊಡ್ಡ ಕಾರಣ. ಆದರೆ ಹಿರಿಯರಲ್ಲಿ ಇನ್ನೊಂದು ಕಾರಣವೂ ಅಡಗಿರುವುದುಂಟು: ತಮಗಾಗಿ ಮಗ ರಜೆ ಹಾಕಬೇಕು, ಬಾಡಿಗೆ ಕಾರು ಮಾಡಬೇಕು ಎಂಬ ಸಂಕೋಚ. ಅದನ್ನು ಅವರು ಬಾಯಿಬಿಟ್ಟು ಹೇಳುವುದಿಲ್ಲ. ಒತ್ತಾಯಿಸುವ ಮೊದಲು ದಯವಿಟ್ಟು ನೀವೇ ಕೇಳಿ ನೋಡಿ.

ತಪಾಸಣೆಯನ್ನು ಮಾತ್ರ ಬಿಡಬೇಡಿ. ಕೂರಿಸಿದ ಕೃತಕ ಕೀಲಿನ ಲೋಹದ ಭಾಗಗಳ ನಡುವಿನ ಪ್ಲಾಸ್ಟಿಕ್ ಪದರ ವರ್ಷಗಳು ಕಳೆದಂತೆ ಸವೆಯುತ್ತದೆ. ಅದರಿಂದ ಉದುರಿದ ಸೂಕ್ಷ್ಮ ಕಣಗಳಿಗೆ ದೇಹ ತೋರುವ ಪ್ರತಿಕ್ರಿಯೆಯಲ್ಲಿ ಸುತ್ತಲಿನ ಮೂಳೆ ನಿಧಾನವಾಗಿ ಕರಗಿ, ಕೀಲು ಸಡಿಲವಾಗುವವರೆಗೂ ನೋವು ಕಾಣಿಸಿಕೊಳ್ಳದಿರಬಹುದು. ಎಕ್ಸ್‌ರೇಯಲ್ಲಿ ಅದು ಮೊದಲೇ ತಿಳಿಯಬಹುದು, ಆದರೆ ಹೋಲಿಸಲು ಆರಂಭದ ವರ್ಷದ ಚಿತ್ರ ಇರಬೇಕು. ದೂರವೇ ತೊಡಕಾಗಿದ್ದರೆ, ಹಾವೇರಿಯಲ್ಲೇ ನಿಂತ ಭಂಗಿಯಲ್ಲಿ ತೆಗೆಸಿದ ಎಕ್ಸ್‌ರೇಯನ್ನು ಕಳುಹಿಸಿ ಫೋನಿನಲ್ಲಿ ಮಾತನಾಡಬಹುದೇ ಎಂದು ಶಸ್ತ್ರಚಿಕಿತ್ಸೆ ಮಾಡಿದ ವೈದ್ಯರನ್ನು ವಿಚಾರಿಸಿ. ಮಂಡಿ ಕೆಂಪಾಗಿ ಊದಿಕೊಂಡರೆ, ಜೊತೆಗೆ ಜ್ವರ ಬಂದರೆ, ಮುಂದಿನ ದಿನಾಂಕಕ್ಕೆ ಕಾಯದೆ ಅಂದೇ ಕರೆದೊಯ್ಯಿರಿ.